ಕನ್ನಡಕದ ವಿಮೆ, ಕಣ್ಣಿನ ವಿಮೆ

ಅಮೆರಿಕದ ಪ್ಲೇನೋದಲ್ಲಿ ನಮ್ಮಂಥವರ ಮನೆಗಳಲ್ಲಿ ಆಗ ಒಂದು ರೂಢಿಯಿತ್ತು. ಹಲ್ಲು, ಕಣ್ಣು ಎರಡನ್ನೂ ಬೆಂಗಳೂರಿಗೆ ಹೋದಾಗಲೇ ತೋರಿಸುವುದು. ಇಲ್ಲಿಯ ಇನ್ಶೂರೆನ್ಸ್ ಯಾರಿಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದ ನನಗೂ ಪ್ರತಿಯೊಂದಕ್ಕೂ ಒಂದು ಹೊತ್ತು ಗೊತ್ತಾಗಿದ್ದರೆ ಸಮಾಧಾನ. ಆ ವರ್ಷ ಡಿಸೆಂಬರಿಗೆ ಟಿಕೆಟ್ ಆಗಿತ್ತು.

ನವೆಂಬರಿನ ಒಂದು ಬೆಳಿಗ್ಗೆ ನನ್ನ ಯಜಮಾನರು ತಿಂಡಿ ತಿನ್ನುತ್ತಾ ಗಾಳಿಯಲ್ಲಿ ಕೈ ಬೀಸಿದರು.

“ಏನ್ರೀ ಅದು?”

“ಸೊಳ್ಳೆ. ಟೆಕ್ಸಾಸ್‌ದಲ್ವಾ, ದೊಡ್ಡದಾಗೇ ಇದೆ.”

ಸೊಳ್ಳೆ ಇರಲಿಲ್ಲ. ಎಡಗಣ್ಣಿನಲ್ಲಿ ಕಪ್ಪು ಚುಕ್ಕೆಗಳು ತೇಲುತ್ತಿದ್ದವು. ನಾನು ಬಿಡದೆ ಕನ್ನಡಕದ ಅಂಗಡಿಗೆ ಫೋನ್ ಮಾಡಿಸಿದೆ. ಇವರು ಚುಕ್ಕೆಗಳ ವಿಷಯ ಎತ್ತಲೇ ಇಲ್ಲ, ಪರೀಕ್ಷೆಗೆ ಯಾವಾಗ ಬರಲಿ ಎಂದಷ್ಟೇ ಕೇಳಿದರು. ವಿಷನ್ ಪ್ಲಾನಿನಲ್ಲಿ ವರ್ಷಕ್ಕೆ ಒಂದೇ ಪರೀಕ್ಷೆ, ಅದು ಆಗಿಹೋಗಿದೆ, ಇನ್ನು ಜನವರಿಗೆ ಬನ್ನಿ ಎಂಬ ಉತ್ತರ ಬಂತು. ಕಣ್ಣಿಗೆ ಇರುವ ವಿಮೆ ಅದೊಂದೇ ಎಂದು ನಾವಿಬ್ಬರೂ ತಿಳಿದಿದ್ದೆವು.

“ಜನವರಿ ಯಾಕೆ, ಡಿಸೆಂಬರ್‌ನಲ್ಲಿ ಊರಲ್ಲೇ ತೋರಿಸಿದ್ರಾಯ್ತು ಬಿಡೇ” ಎಂದು ಲಾಸ್ ಕೊಲಿನಾಸ್‌ನ ಆಫೀಸಿಗೆ ಹೊರಟರು.

ತಿಂಗಳ ಕೊನೆಗೆ ಸ್ನೇಹಿತರ ಮನೆಯಲ್ಲಿ ಊಟವಿತ್ತು. ಇವರು ಸಾರನ್ನು ತಟ್ಟೆಯ ಆಚೆ ಬಡಿಸಿಕೊಂಡರು. ಆ ಮನೆಯ ಸೊಸೆ ಡಾಕ್ಟರು, ಪಕ್ಕದಲ್ಲೇ ನಿಂತಿದ್ದಳು.

“ಅಂಕಲ್, ಆ ಕಡೆ ಕಾಣಿಸ್ತಿಲ್ವಾ?”

“ಪರದೆ ಇಳಿಬಿಟ್ಟ ಹಾಗಿದೆಯಮ್ಮ, ನಾಲ್ಕೈದು ದಿನದಿಂದ. ಜನವರಿವರೆಗೂ ವಿಷನ್ ಪ್ಲಾನ್ ಇಲ್ವಲ್ಲ.”

“ಅದು ಕನ್ನಡಕಕ್ಕೆ ಅಂಕಲ್. ಇದು ಕಾಯಿಲೆ. ಜ್ವರ ಬಂದ್ರೆ ಯಾವ ಕಾರ್ಡ್ ತೋರಿಸ್ತೀರೋ ಅದೇ ಇದಕ್ಕೂ. ಆಂಟಿ, ಊಟ ಬಿಡಿ, ಈಗಲೇ ಹೊರಡಿ.”

ಆ ಕಾರ್ಡು ಇವರ ಜೇಬಿನಲ್ಲೇ ಇತ್ತು.

ಕಣ್ಣಿನ ಹಿಂದಿನ ಪೊರೆ, ರೆಟಿನಾ, ಕಳಚಿಕೊಂಡಿತ್ತು, ನೋಟದ ನಡುಭಾಗವೂ ಸೇರಿ. ಚುಕ್ಕೆ ಕಂಡಾಗಲೇ ಬಂದಿದ್ದರೆ ಬಹುಶಃ ಲೇಸರ್‌ನಲ್ಲೇ ಮುಗಿಯುತ್ತಿತ್ತು ಎಂದರು ಆಸ್ಪತ್ರೆಯ ಕಣ್ಣಿನ ಡಾಕ್ಟರು. ಆಪರೇಷನ್‌ಗೆ ಮೆಡಿಕಲ್ ಇನ್ಶೂರೆನ್ಸ್ ಯಾವ ತಕರಾರೂ ಮಾಡಲಿಲ್ಲ. ಪೊರೆಯನ್ನು ಒತ್ತಿಹಿಡಿಯಲು ಕಣ್ಣಿನೊಳಗೆ ಗಾಳಿಯ ಗುಳ್ಳೆ ತುಂಬಿದ್ದರಿಂದ ವಿಮಾನ ಹತ್ತುವಂತಿರಲಿಲ್ಲ. ಊರಿನ ಟಿಕೆಟ್ ರದ್ದಾಯಿತು. ಹೊತ್ತು ತಪ್ಪದೆ ಡ್ರಾಪ್ಸ್ ಹಾಕಿದೆ. ಹೇಳಿದಷ್ಟು ದಿನವೂ ಇವರು ಮುಖ ಕೆಳಗೆ ಮಾಡಿಯೇ ಮಲಗಿದರು, ಕೂತರು, ಉಂಡರು. ಪೊರೆ ಕೂಡಿಕೊಂಡಿತು. ನೋಟ ಮರಳಲಿಲ್ಲ.

ಆಮೇಲೆ ಇವರನ್ನು ಆಫೀಸಿಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಡುತ್ತಿದ್ದೆ. ಇಲ್ಲಿ ಸ್ಟಿಯರಿಂಗ್ ಎಡಗಡೆ. ಪಕ್ಕದಲ್ಲಿ ಕೂತ ಇವರಿಗೆ ನಾನು ನೋಟ ಹೋದ ಎಡಗಣ್ಣಿನ ಬದಿಗೇ ಆದೆ. ಒಂದು ಮಾತಾಡಬೇಕಾದರೂ ಕತ್ತನ್ನು ಪೂರ್ತಿ ತಿರುಗಿಸುತ್ತಿದ್ದರು.

“ಕತ್ತು ನೋಯತ್ತೆ, ಮುಂದೆ ನೋಡ್ಕೊಂಡೇ ಮಾತಾಡಿ” ಎಂದೆ ಒಂದು ದಿನ.

“ಮುಂದೆ ನೋಡಕ್ಕೆ ನೀನಿದೀಯಲ್ಲ” ಎಂದರು.

ಆಫೀಸು ಬರುವವರೆಗೂ ಹಾಗೇ ತಿರುಗಿಕೊಂಡು ಕೂತಿದ್ದರು. ನಾನು ರಸ್ತೆ ನೋಡುತ್ತಿದ್ದೆ.