ಕುದಿದ ಮೇಲೆ ಹಾಕಿದ ತೀರ್ಥ

ಆಸ್ಟಿನ್ ನೋಡಲು ದೊಡ್ಡ ಆಳೇನಲ್ಲ. ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್. ತಲೆಯ ಕೂದಲು ಹೋಗಿ, ಹೊಟ್ಟೆ ಬಂದು ವರ್ಷಗಳಾದವು. ಹಾಡಲು ಬರುವುದಿಲ್ಲ, ಮೈಕ್ ಹಿಡಿದರೆ ಕೈ ನಡುಗುತ್ತದೆ. ಆದರೂ ಮಂಗಾಫ್ ಸುತ್ತಿನ ಮಂಗಳೂರಿನವರೆಲ್ಲ ಅವನನ್ನು ಮರ್ಯಾದೆಯಿಂದ ಆಸ್ಟಿನಾಬ್ ಎಂದು ಕರೆಯುತ್ತಿದ್ದರೆ ಅದಕ್ಕೆ ಒಂದೇ ಕಾರಣ: ಅವನು ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಮದ್ಯವೇ ನಿಷಿದ್ಧವಾದ ಈ ದೇಶದಲ್ಲಿ ಸಿಕ್ಕಿಬಿದ್ದರೆ ಇಲ್ಲಿರಲು ಕೊಟ್ಟ ಇಕಾಮಾ ಪರವಾನಗಿಯೂ ಖಲಾಸ್, ಕೆಲಸವೂ ಖಲಾಸ್. ಹಾಗಾಗಿ ಫೋನಿನಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. "ಆಸ್ಟಿನಾಬ್, ಜ್ಯೂಸ್ ಉಂಟಾ?" ಎಂದು ಕೇಳುತ್ತಿದ್ದರು. ಆ ಒಂದು ಮಾತಿಗೆ ಅವನು ಇಡೀ ವಾರ ಉಬ್ಬಿಕೊಂಡು ಓಡಾಡುತ್ತಿದ್ದ.

ಆಮೇಲೆ ರಾನ್ಸನ್ ಬಂದ.

ರಾನ್ಸನ್ ಎಗೈಲಾದ ಒಂದು ಮಾಲ್‌ನ ಆಫೀಸಿನಲ್ಲಿ ಅಕೌಂಟೆಂಟ್, ಆಸ್ಟಿನ್‌ಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ತಲೆ ತುಂಬ ಕೂದಲು, ಗಿಟಾರ್ ಬೇರೆ ನುಡಿಸುತ್ತಾನೆ. ಅಷ್ಟು ಸಾಲದು ಎನ್ನುವಂತೆ ಬಿಯರ್ ಮಾಡಲು ಶುರುಮಾಡಿದ. ಅವನದ್ದು ತಿಳಿಯಾಗಿ, ಬಂಗಾರದ ಬಣ್ಣಕ್ಕೆ ಇರುತ್ತಿತ್ತು. ಆಸ್ಟಿನ್‌ನದ್ದು ಸ್ವಲ್ಪ ಕದಡಿದಂತೆ. ಜನ ಒಬ್ಬೊಬ್ಬರಾಗಿ ಆ ಕಡೆ ಜಾರಿದರು. ಒಂದು ನಾಮಕರಣದ ಊಟದಲ್ಲಿ ಆಸ್ಟಿನ್‌ನ ಎದುರೇ ಯಾರೋ "ರಾನ್ಸನ್, ನಿನ್ನ ಜ್ಯೂಸ್ ಎಲ್ಲಿ ಮಾರಾಯ?" ಎಂದು ಕೇಳಿದರು. ಅಂದು ಅವನಿಗೆ ಕೋಳಿ ಸುಕ್ಕವೂ ರುಚಿಸಲಿಲ್ಲ. ಹೊಟ್ಟೆಕಿಚ್ಚು ಎಂದರೆ ಬಾಯಿಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಹೊಟ್ಟೆಯೊಳಗೇ ಉರಿಯುತ್ತದೆ ಎಂದು ಅವನಿಗೆ ಅಂದು ಗೊತ್ತಾಯಿತು.

ಒಮ್ಮೆ ರಾನ್ಸನ್ ಆಸ್ಟಿನ್‌ನ ಮನೆಗೆ ಬಂದವನು ಸ್ಟೋರ್ ರೂಮಿಗೆ ಹೋಗಿ, ಬಿಯರ್ ಬಾಲ್ದಿಯ ಮುಚ್ಚಳ ಸರಿಸಿ, "ಒಳ್ಳೆ ಬಣ್ಣ ಬಂದಿದೆ ಆಸ್ಟಿನಾಬ್" ಎಂದು ಹೊಗಳಿಹೋದ. ಆ ಸಲದ ಬಿಯರ್ ಹುಳಿಯಾಯಿತು. ಬಿಯರ್ ಇಳಿಸುವ ಪೈಪನ್ನು ಸರಿಯಾಗಿ ತೊಳೆದಿರಲಿಲ್ಲ ಎಂಬುದು ಆಸ್ಟಿನ್‌ಗೆ ಗೊತ್ತೇ ಇತ್ತು. ಆದರೆ ಪೈಪಿನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

"ಅವನದ್ದೇ ದಿಷ್ಟಿ" ಎಂದ ಹೆಂಡತಿ ಕಾರ್ಮೆಲ್‌ಗೆ.

"ಪಾಪ, ಅವ ಒಳ್ಳೆಯದೇ ಹೇಳಿದ್ದಲ್ವಾ?"

"ಒಳ್ಳೆಯದು ಹೇಳುವವರದ್ದೇ ಜೋರು ಬೀಳುದು."

ಊರಲ್ಲಿ ಅವನ ಅಮ್ಮ ಯಾವ ದೊಡ್ಡ ಪಾತ್ರೆ ಒಲೆಗಿಟ್ಟರೂ ಪಾದ್ರಿಗಳು ಆಶೀರ್ವದಿಸಿದ ತೀರ್ಥವನ್ನು ಒಂದು ಹನಿ ಹಾಕುತ್ತಿದ್ದಳು. ಆಸ್ಟಿನ್ ಕೂಡ ಮೊದಲಿನಿಂದ ಹಾಗೇ ಮಾಡುತ್ತಿದ್ದ: ನೀರಿಗೆ ಮಾಲ್ಟ್ ಸಿರಪ್ ಬೆರೆಸಿ, ಒಂದು ಹನಿ ತೀರ್ಥ ಬಿಟ್ಟು, ಆಮೇಲೆ ಒಲೆ ಹೊತ್ತಿಸುವುದು. ಈಗ ಒಂದು ಹನಿ ಸಾಲದು ಅನ್ನಿಸಿತು. ಕುದಿಸಿ ಆರಿಸಿ, ಯೀಸ್ಟ್ ಹಾಕುವ ಹೊತ್ತಿಗೆ ಮತ್ತೊಮ್ಮೆ ಚಿಮುಕಿಸಿದ. ಅಲ್ಲಿಗೂ ನಿಲ್ಲಲಿಲ್ಲ. ಡ್ಯೂಟಿ ಮುಗಿಸಿ ಬಂದವನೇ ಮುಚ್ಚಳ ತೆಗೆದು ನೋಡುವುದು, ರಾನ್ಸನ್‌ನ ಮುಖ ನೆನಪಾಗುವುದು, ಮತ್ತೆರಡು ಹನಿ ಬಿಡುವುದು. ಹೀಗೆ ನಡೆಯಿತು.

ಅಷ್ಟರಲ್ಲಿ ಸೆಡ್ರಿಕ್ ಊರಿಗೆ ಹೊರಟ. ರಜೆಗಲ್ಲ, ಪೂರ್ತಿಯಾಗಿ. ಸೆಡ್ರಿಕ್ ಎಂದರೆ ಆಸ್ಟಿನ್‌ಗೆ ಒಡಹುಟ್ಟಿದವನಿಗಿಂತ ಹೆಚ್ಚು. ಹೊಸದಾಗಿ ಕುವೈತಿಗೆ ಬಂದಾಗ ಅಬ್ಬಾಸಿಯಾದ ಒಂದೇ ಕೋಣೆಯಲ್ಲಿ ಇದ್ದವರು. ಮೊದಲ ಬಾಲ್ದಿ ಬಿಯರನ್ನು ಬಾತ್‌ರೂಮಿನಲ್ಲಿ ಕದ್ದು ಮಾಡಿದ್ದೂ ಇಬ್ಬರೂ ಸೇರಿಯೇ. ಬೀಳ್ಕೊಡುಗೆ ಆಸ್ಟಿನ್‌ನ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅಂದು ಸೆಡ್ರಿಕ್‌ನ ಗ್ಲಾಸಿನಲ್ಲಿ ತನ್ನ ಬಿಯರ್ ಇರಬೇಕು, ರಾನ್ಸನ್‌ನದ್ದು ಅಲ್ಲ. ಅವನು ಹೋಗುವ ಮೊದಲು ಒಂದು ಸಲ, ನಿನ್ನದೇ ಮೇಲು ಎಂದು ಹೇಳಿ ಹೋಗಬೇಕು. ಆಸ್ಟಿನ್‌ಗೆ ಬೇಕಾಗಿದ್ದು ಅಷ್ಟೇ.

ಬೀಳ್ಕೊಡುಗೆಗೆಂದು ಮಾಡಿದ ಮೊದಲ ಬಾಲ್ದಿಯ ಮೇಲೆ ಬಿಳಿ ಪೊರೆ ಕಟ್ಟಿತು. ಚೆಲ್ಲಿದ. ತೀರ್ಥ ಹೆಚ್ಚು ಮಾಡಿ ಇನ್ನೊಂದು ಇಟ್ಟ. ಅದರ ಮೇಲೆ ಪೊರೆಯ ಜೊತೆಗೆ ಹಸಿರು ಬೂಷ್ಟಿನ ಚುಕ್ಕೆಗಳೂ ಬಂದವು. ಕೋಣೆಯ ತುಂಬ ವಿನೆಗರ್ ವಾಸನೆ. ಬೀಳ್ಕೊಡುಗೆಗೆ ಉಳಿದದ್ದು ಕೆಲವೇ ದಿನ. ಆಸ್ಟಿನ್ ಬಾಲ್ದಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಆ ಅಕೌಂಟೆಂಟ್ ಬಾವಿಗೆ ಬೀಳಲಿ ಎಂದು ಬೈದ. ಕುವೈತಿನಲ್ಲಿ ಬಾವಿ ಎಲ್ಲಿಂದ ಬರಬೇಕು!

ಕಾರ್ಮೆಲ್‌ಗೆ ನೋಡಿ ಸಾಕಾಯಿತು. ಅವಳು ಹೇಳದೆ ಕೇಳದೆ ರಾನ್ಸನ್‌ಗೇ ಫೋನ್ ಮಾಡಿ ಕರೆಸಿಬಿಟ್ಟಳು. ಬಾಗಿಲಲ್ಲಿ ಅವನನ್ನು ಕಂಡು ಆಸ್ಟಿನ್‌ನ ಮುಖ ಕಪ್ಪಿಟ್ಟಿತು. ರಾನ್ಸನ್ ಅದನ್ನು ನೋಡಿಯೂ ನೋಡದವನಂತೆ ಒಳಗೆ ಬಂದು, ಸೋಪು ಹಾಕಿ ಕೈ ತೊಳೆದುಕೊಂಡು, ಬಾಲ್ದಿಯ ಹತ್ತಿರ ಮೂಗು ತಂದ.

"ಪೈಪು, ಚಮಚ ಎಲ್ಲ ಬಿಸಿನೀರಲ್ಲಿ ಹಾಕಿದ್ರಾ ಆಸ್ಟಿನಾಬ್?"

"ಹಾಕದೆ? ನಂಗೆ ನೀನು ಕಲಿಸ್ಲಿಕ್ಕೆ ಬಂದದ್ದಾ?"

"ಹಾಗಲ್ಲ ಮಾರಾಯ್ರೆ. ಕುದಿದ ಮೇಲೆ ಅದಕ್ಕೆ ಬೇರೆ ಎಂತಾದ್ರೂ ತಾಗ್ತದಾ? ಕುದಿಯುವ ಮೊದಲು ಎಂತ ಬಿದ್ರೂ ಸಾಯ್ತದೆ. ಆಮೇಲೆ ಬಿದ್ದದ್ದು ಅಲ್ಲೇ ಸಂಸಾರ ಮಾಡ್ತದೆ."

ಕಾರ್ಮೆಲ್ ದೇವರ ಪೀಠದ ಮೇಲಿಂದ ತೀರ್ಥದ ಪ್ಲಾಸ್ಟಿಕ್ ಬಾಟಲಿ ತಂದು ರಾನ್ಸನ್‌ನ ಕೈಗೆ ಕೊಟ್ಟಳು. "ಇದು. ದಿನಾ ಮುಚ್ಚಳ ತೆಗೆದು ಹಾಕ್ತಾರೆ."

ರಾನ್ಸನ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದ. ಊರಿಂದ ತಂದು ವರ್ಷಗಳೇ ಆಗಿದ್ದವು. ತಳದಲ್ಲಿ ಹಸಿರು ಪಾಚಿ ಕಟ್ಟಿತ್ತು.

"ತೀರ್ಥಕ್ಕೆ ಎಂತ ದೋಷ ಇಲ್ಲ, ಬಾಟಲಿ ಹಳೆಯದು" ಎಂದ ಅವನು ಮೆಲ್ಲಗೆ. "ಒಲೆಗೆ ಇಡುವ ಮೊದಲು ಹಾಕಿ, ಸಾಕು. ಆದ್ರೆ ದಿನಾ ಯಾಕೆ?"

"ನಿನ್ನ ದಿಷ್ಟಿ ಬೀಳಬಾರದು ಅಂತ" ಎಂದುಬಿಟ್ಟಳು ಕಾರ್ಮೆಲ್.

ನೆಲ ಬಾಯಿಬಿಟ್ಟಿದ್ದರೆ ಆಸ್ಟಿನ್ ಬಾಲ್ದಿಯ ಸಮೇತ ಒಳಗೆ ಹೋಗುತ್ತಿದ್ದ. ರಾನ್ಸನ್ ನಗಬಹುದಿತ್ತು, ನಗಲಿಲ್ಲ. ಹೊಸದಾಗಿ ಮಾಡಲು ಸಮಯವಿರಲಿಲ್ಲ. ಹೋಗುವಾಗ ಅವನು, ಆಸ್ಟಿನ್ ಬಿಯರ್ ತುಂಬಿಸಿಡುತ್ತಿದ್ದ ದ್ರಾಕ್ಷಿ ಜ್ಯೂಸಿನ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡ. ಬೀಳ್ಕೊಡುಗೆಯ ದಿನ ಮಧ್ಯಾಹ್ನ ಅವು ರಾನ್ಸನ್‌ನ ಬಿಯರ್ ತುಂಬಿಕೊಂಡು ಬಂದವು.

"ನಿಮ್ಮದೇ ಬಾಟಲಿ, ನಿಮ್ಮದೇ ಜ್ಯೂಸ್" ಎಂದ. "ತಳದ್ದೂ ಸೇರಿಸಿ ತುಂಬಿದ್ದೇನೆ, ಬಣ್ಣ ನಿಮ್ಮದರ ಹಾಗೇ ಉಂಟು. ಯಾರಿಗೂ ಹೇಳುದು ಬೇಡ. ಸೆಡ್ರಿಕಾಬ್ ನಿಮ್ಮ ಕೈಯದ್ದೇ ಕುಡಿದು ಹೋಗ್ಲಿ."

ವಾಪಸ್ ಕೊಡು ಎಂದು ಮನಸ್ಸು ಕೂಗಿತು. ಆದರೆ ಸೆಡ್ರಿಕ್‌ನ ಮುಂದೆ ಖಾಲಿ ಗ್ಲಾಸು ಇಡುವುದು ಹೇಗೆ? ಆಸ್ಟಿನ್ ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟ.

ಸಂಜೆ ಮನೆ ತುಂಬಿತು. ರಾನ್ಸನ್ ಮೂಲೆಯಲ್ಲಿ ಕುಳಿತು ಗಿಟಾರ್ ಶ್ರುತಿ ಮಾಡುತ್ತಿದ್ದ. ಆಸ್ಟಿನ್ ತಾನೇ ಸೆಡ್ರಿಕ್‌ನ ಗ್ಲಾಸಿಗೆ ಬಗ್ಗಿಸಿದ. ಸೆಡ್ರಿಕ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಇನ್ನೊಂದು ಗುಟುಕು ಕುಡಿದ. ಆಮೇಲೆ ಆಸ್ಟಿನ್‌ನ ಕುತ್ತಿಗೆಗೆ ಕೈ ಹಾಕಿ ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದ:

"ರಾನ್ಸನ್‌ಗೆ ಬೇಜಾರಾಗ್ತದೆ, ಅವನಿಗೆ ಹೇಳ್ಬೇಡ. ಅವ ಎಷ್ಟು ತಿಪ್ಪರಲಾಗ ಹಾಕಿದ್ರೂ ಅವನದ್ದು ಇದರ ಹತ್ತಿರ ಬರುದಿಲ್ಲ. ನಿನ್ನ ಕೈ ನಿನ್ನ ಕೈಯೇ."

ಎರಡು ವರ್ಷದಿಂದ ಆಸ್ಟಿನ್ ಕಾದಿದ್ದ ಮಾತು ಅದು, ಶಬ್ದ ಶಬ್ದವೂ ಅದೇ. ಸೆಡ್ರಿಕ್‌ನ ಕಣ್ಣಲ್ಲಿ ನೀರಿತ್ತು. ಆಸ್ಟಿನ್ ನಿಜ ಹೇಳಲು ಬಾಯಿ ತೆರೆದ.

"ಥ್ಯಾಂಕ್ಸ್" ಎಂದ.

ಮೂಲೆಯಿಂದ ರಾನ್ಸನ್ ಇತ್ತ ನೋಡಿ, ಹೇಗಿದೆಯಂತೆ ಎಂದು ಹುಬ್ಬಿನಲ್ಲೇ ಕೇಳಿ ನಕ್ಕ. ತನ್ನ ಹೊಗಳಿಕೆಯನ್ನೂ ಬೇರೆಯವನಿಗೆ ಬಿಟ್ಟುಕೊಟ್ಟು ಅಷ್ಟು ಹಗುರಾಗಿ ನಗಲು ಈ ಮನುಷ್ಯನಿಗೆ ಬರುತ್ತದಲ್ಲ ಎಂದು ಆಸ್ಟಿನ್‌ಗೆ ಹೊಟ್ಟೆ ಉರಿಯಿತು. ಬಿಯರಿಗಾಗಿ ಪಟ್ಟ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ.