ಹಲಸಿನ ಮೇಣ ಮೆತ್ತಿದ ಆಕ್ಸಲ್

ಕೋಣಂದೂರಿನ ಪೂರ್ಣೇಶ್ ಹೋದ ತಿಂಗಳು ಹೃದಯಾಘಾತದಿಂದ ತೀರಿಕೊಂಡ. ತಿಥಿಯ ಊಟದಲ್ಲಿ ಜನ ಅವನನ್ನು ಹೊಗಳಿದ್ದು ಕೇಳಿ, ನಾನು ಬೇರೆ ಯಾರದೋ ಮನೆಗೆ ಬಂದಿದ್ದೇನೋ ಅನ್ನಿಸಿತು. ಸರಳ ಜೀವಿಯಂತೆ, ಯಾರ ಮನಸ್ಸನ್ನೂ ನೋಯಿಸಿದವನಲ್ಲವಂತೆ. ಶಾಲೆಯಿಂದಲೂ ಜೊತೆಗಿದ್ದ ನನಗೆ ಈ ಪುಣ್ಯಾತ್ಮನ ಪರಿಚಯವಿಲ್ಲ. ನಾನು ಬಲ್ಲ ಪೂರ್ಣೇಶನಿಗೆ ಜಂಬ ಜಾಸ್ತಿ, ಅದರಲ್ಲೂ ತನ್ನ ಹಳೇ ಜೀಪಿನ ವಿಷಯದಲ್ಲಿ.

ಕೆಲವು ವರ್ಷಗಳ ಹಿಂದೆ ಅವನ ಮಗಳು ಸೌಜನ್ಯಾಳ ಮದುವೆ ನಿಶ್ಚಯವಾಯಿತು. ತೀರ್ಥಹಳ್ಳಿಯ ಛತ್ರಕ್ಕೆ ಅವಳನ್ನು ಆ ಜೀಪಿನಲ್ಲೇ ಕರೆದೊಯ್ಯಬೇಕೆಂಬುದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವನ ಆಸೆ. ಆದರೆ ಹಿಂದಿನ ಆಕ್ಸಲ್‌ನ ಎಣ್ಣೆ ಹೊರಬಾರದಂತೆ ತಡೆಯುವ ಸೀಲು ಸೋರುತ್ತಿತ್ತು. ಎಣ್ಣೆ ಬ್ರೇಕಿನೊಳಗೆ ಇಳಿದು, ಇಳಿಜಾರಿನಲ್ಲಿ ಒಮ್ಮೆ ಬ್ರೇಕು ಹಿಡಿಯದೆ ಜೀಪು ಮೋರಿ ಕಟ್ಟೆಗೆ ಒರಗಿ ನಿಂತಿತ್ತು.

“ಸೋರೋದು ನಿಲ್ಲೋ ತನಕ ನಾ ಹತ್ತಲ್ಲ ಅಪ್ಪಯ್ಯ,” ಅಂದಳು ಸೌಜನ್ಯಾ. “ಕಾರಿಗೆ ಹೇಳ್ತೀನಿ.”

ಕಾರು ಎಂಬುದು ಆ ಮನೆಯಲ್ಲಿ ಬೈಗುಳ.

ಪೂರ್ಣೇಶ್ ತಾನೇ ಜೀಪಿನ ಕೆಳಗೆ ತೂರಿದ. ಆಕ್ಸಲ್ ಮೇಲೆ ಜಿಡ್ಡು ಹಿಡಿದ ಸಣ್ಣ ತೂತು ಕಂಡಿತು. ಅದು ಒಳಗಿನ ಬಿಸಿ ಗಾಳಿ ಹೊರಹೋಗಲೆಂದು ಜೀಪು ಮಾಡಿದವರೇ ಇಟ್ಟದ್ದು. ಆದರೆ ನಮ್ಮ ಕಡೆ ಕೊಡವೋ ಹಂಡೆಯೋ ತೂತಾದರೆ ಹಲಸಿನ ಮೇಣ ಕಾಸಿ ಮೆತ್ತುವುದು ರೂಢಿ. ಸೋರುವುದು ಇಲ್ಲಿಂದಲೇ ಎಂದುಕೊಂಡು ಇವನು ಅದಕ್ಕೂ ಮೆತ್ತಿದ. ಗಾಳಿಗೆ ದಾರಿಯಿಲ್ಲದೆ, ಅದು ಎಣ್ಣೆಯನ್ನು ಸೀಲಿನ ಅಂಚಿನಿಂದ ಇನ್ನಷ್ಟು ಹೊರದಬ್ಬತೊಡಗಿತು.

ಆಮೇಲೆ ಇವನ ದಿಗ್ವಿಜಯ. ಸಾಗರದಲ್ಲಿ ಹೊಸ ಸೀಲು ಹಾಕಿಸಿದ, ಸೋರಿತು. ಸಾಗರದವರಿಗೆ ನಾಟಕ ಬಿಟ್ಟು ಬೇರೇನೂ ಬರುವುದಿಲ್ಲ ಅಂದ. ಹೊಸನಗರದಲ್ಲಿ ಹಾಕಿಸಿದ, ಸೋರಿತು. ಅಲ್ಲಿಯವರು ಸ್ಪ್ಯಾನರನ್ನು ಸೌಟಿನ ಹಾಗೆ ಹಿಡಿಯುತ್ತಾರೆ ಅಂದ. ಕೊನೆಗೆ ನಮ್ಮೂರಿನ ರಾಜೇಂದ್ರ ಹಾಕಿದ. ಅದೂ ಸೋರಿದಾಗ, ಸಂತೆಯ ದಿನ ಅವನ ಗ್ಯಾರೇಜಿನೆದುರು ನಿಂತು, “ಇವನ ಕೈಗೆ ಎತ್ತಿನಗಾಡಿ ಕೊಟ್ರೂ ಪಂಕ್ಚರ್ ಮಾಡ್ತಾನೆ,” ಅಂದ. ಆಮೇಲೆ ರಾಜೇಂದ್ರನ ಗಿರಾಕಿಗಳು ಕಡಿಮೆಯಾದರು.

ಮದುವೆ ಹತ್ತಿರ ಬಂತು. ಒಂದು ಸಂಜೆ ಪೂರ್ಣೇಶ್ ಆನಂದಪುರದವರೆಗೆ ಹೋಗಿಬಂದು, ಬಿಸಿ ಆರದ ಜೀಪಿನ ಕೆಳಗೆ ತೂರಿದ. ನಾನು ಟಾರ್ಚ್ ಹಿಡಿದು ಕೂತಿದ್ದೆ. ಅವನ ಜೊತೆ ನನ್ನ ಕೆಲಸ ಯಾವಾಗಲೂ ಅದೇ; ಅವನು ಹೋದ ಮೇಲೆ ಆ ಕೆಲಸವೂ ಹೋಯಿತು. ಇನ್ನೂ ಸೋರುತ್ತಿದ್ದುದು ಕಂಡು ಸಿಟ್ಟಿನಲ್ಲಿ ಸ್ಕ್ರೂಡ್ರೈವರಿನಿಂದ ಮೇಣ ಕೆದಕಿದ. ಬುಸ್ಸೆಂದು ಗಾಳಿ ಹೊರಬಂತು. ಸೋರಿಕೆಗೆ ಕಾರಣ ತನ್ನ ಮೇಣವೇ ಎಂದು ಅವನಿಗೆ ಆಗ ಹೊಳೆಯಿತು.

“ಎಂಥ ಅದು?” ಜಗಲಿಯಿಂದ ಇಳಿದು ಬಂದ ಸೌಜನ್ಯಾ ಬಗ್ಗಿ ನೋಡಿದಳು.

“ಎಂಥದೂ ಇಲ್ಲ.”

“ಅಲ್ಲಿ ಮೇಣ ಮೆತ್ತಿದ್ದು ಯಾರು?”

“ಕಂಪನಿಯವರು.”

“ಕಂಪನಿಯವರ ಹಿತ್ತಲಲ್ಲಿ ಹಲಸಿನ ಮರ ಇತ್ತಾ?”

ಅವಳು ನಗಲಿಲ್ಲ. “ರಾಜೇಂದ್ರಣ್ಣಂಗೆ ಸಂತೆಯಲ್ಲಿ ಬೈದ್ರಲ್ಲ, ಸಂತೆಯಲ್ಲೇ ಹೋಗಿ ಹೇಳಿ. ಇಲ್ದಿದ್ರೆ ಕಾರೇ.”

ಮುಂದಿನ ಸಂತೆಗೆ ಹೋದೆವು. ತಪ್ಪಾಯಿತು ಎಂಬ ಮಾತನ್ನು ಅವನ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಅಂದೂ ಕೇಳಲಿಲ್ಲ.

“ರಾಜೇಂದ್ರಾ, ನಿನ್ನ ಸೀಲಿಂದ ಎಂಥದೂ ಇಲ್ಲ ಮಾರಾಯ,” ಅಂದ, ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ. “ಗಾಳಿ ಹೋಗೋ ತೂತನ್ನ ನಾನೇ ಮುಚ್ಚಿದ್ದೆ. ಜೀಪಿಗೆ ಹೊಟ್ಟೆ ಉಬ್ಬರಿಸಿತ್ತು.”

“ಉಬ್ಬರ ಜೀಪಿಗೊಂದೇ ಇತ್ತಾ ಗೌಡ್ರೇ?” ಅಂದ ರಾಜೇಂದ್ರ.

ಸಂತೆಗೆ ಸಂತೆಯೇ ನಕ್ಕಿತು. ಪೂರ್ಣೇಶನ ಕಿವಿಗಳು ಕೆಂಪಾದವು. ಆದರೂ ನಗು ಮುಗಿಯುವವರೆಗೆ ಅಲ್ಲೇ ನಿಂತ. ಗಾಳಿಯ ಒತ್ತಡಕ್ಕೆ ಸಡಿಲವಾದ ಸೀಲನ್ನೂ ಎಣ್ಣೆ ಕುಡಿದ ಬ್ರೇಕ್ ಶೂಗಳನ್ನೂ ತೆಗೆದು ರಾಜೇಂದ್ರ ಹೊಸದು ಹಾಕಿಕೊಟ್ಟ.

ಮದುವೆಯ ದಿನ ಸೌಜನ್ಯಾ ಮುಂದಿನ ಸೀಟಿನಲ್ಲಿ ಕೂತು ಛತ್ರ ಸೇರಿದಳು. ಧಾರೆಯ ಹೊತ್ತಿಗೆ ಹೆಣ್ಣಿನ ತಂದೆ ಎಲ್ಲಿ ಎಂದು ಭಟ್ಟರು ಕೂಗಿದರೆ, ಆಸಾಮಿ ರೇಷ್ಮೆ ಪಂಚೆಯಲ್ಲಿ ಜೀಪಿನ ಕೆಳಗಿದ್ದ. ಎದ್ದು ಬಂದವನು ಮದುವೆಗೆ ಬಂದಿದ್ದ ರಾಜೇಂದ್ರನ ಕೈ ಎಳೆದು ಚಕ್ರದ ಒಳಮೈಗೆ ಮುಟ್ಟಿಸಿದ. ಒಣಗಿತ್ತು.

“ನಾ ಮೊದ್ಲೇ ಹೇಳಿರ್ಲಿಲ್ವಾ,” ಅಂದ, “ಮೂರು ತಾಲೂಕಲ್ಲಿ ಕೆಲಸ ಗೊತ್ತಿರೋನು ನೀನೊಬ್ಬನೇ ಅಂತ.”

ಅವನು ಹಾಗೆ ಯಾವತ್ತೂ ಹೇಳಿರಲಿಲ್ಲ. ರಾಜೇಂದ್ರ ತಿದ್ದಲು ಹೋಗಲಿಲ್ಲ. ತನ್ನ ಟವೆಲ್ಲಿನಿಂದ ಅವನ ಬೆನ್ನಿನ ಮಣ್ಣು ಒರೆಸಿ, ಧಾರೆಗೆ ಕಳಿಸಿದ.