ಮೂವರು ಸೇರಿ ಮಾಡಿದ ಕಸೂತಿ ಕ್ಯಾಲೆಂಡರು

ಆ ಭಾನುವಾರ ನಲ್ಲಿಯಲ್ಲಿ ನೀರು ಬಂದಾಗ ಎರಡು ಡ್ರಮ್ಮು, ಆರು ಕೊಡ ತುಂಬಿಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿದೆ. ಯಜಮಾನರ ಎರಡು ಅಂಗಿಗೆ ಗುಂಡಿ ಹಚ್ಚಿದೆ. ಫ್ಯಾನಿನ ರೆಕ್ಕೆ ಒರೆಸಿದೆ. ಹತ್ತು ಗಂಟೆಗೆ ನಮ್ಮ ಕ್ಯಾಲೆಂಡರಿನ ಕರಡು ಪ್ರತಿಯನ್ನು ಅಕ್ಕಾರಿಗೆ ತೋರಿಸಿದೆ. ಹತ್ತೂ ಕಾಲಿಗೆ, ಈ ಕ್ಯಾಲೆಂಡರು ಇನ್ನು ಆಗಲಿಕ್ಕಿಲ್ಲ ಎಂದು ತಲೆಗೆ ಕೈ ಹಚ್ಚಿ ಕೂತೆ.

ಆಗ ನಾವು ಊರು ಬಿಟ್ಟು ತೆಲುಗು ಸೀಮೆಯ ನಾರಾಯಣಗೂಡದಲ್ಲಿದ್ದೆವು. ಎದುರಿನ ಕೋಚಿಂಗ್ ಸೆಂಟರಿನ ಗೋಡೆಯ ಮೇಲೆ ವಾರಕ್ಕೊಂದು ಹೊಸ ಕಂಪ್ಯೂಟರ್ ಕೋರ್ಸಿನ ಹೆಸರು ಬರೆಯುತ್ತಿದ್ದ ಕಾಲ. ನಮ್ಮ ಮಹಡಿಯ ಕೋಣೆಗೆ ಉಡುಪಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಕೋಣೆಯಲ್ಲಿ ಸ್ವಂತದ್ದೊಂದು ಕಂಪ್ಯೂಟರು. ಮೂರು ಮನೆ ಆಚೆಗೆ ಧಾರವಾಡದ ಅಕ್ಕಾರು. ಅವರ ಯಜಮಾನರೂ ನಮ್ಮವರೂ ಒಂದೇ ಸರ್ಕಾರಿ ಕಾರ್ಖಾನೆಯವರು. ಅಕ್ಕಾರ ಕೈಯಲ್ಲಿ ಕಸೂತಿ ಇತ್ತು. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ, ಗಂಟೇ ಇಲ್ಲದ, ಹಿಂದೆ ಮುಂದೆ ಒಂದೇ ಸಮ ಕಾಣುವ ಹೊಲಿಗೆ ಅದು. ನನಗೆ ಮಕ್ಕಳ ಪದ್ಯ ಕಟ್ಟುವ ಚಟ.

ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಹಿಂದಿ ಮಾತಾಡುತ್ತಾ ಬೆಳೆಯುವ ನಮ್ಮವರ ಮಕ್ಕಳಿಗೆ ಗೋಡೆಯ ಮೇಲಾದರೂ ಕನ್ನಡ ಸಿಗಲಿ ಎಂದು ಮೂವರೂ ಸೇರಿ ಕ್ಯಾಲೆಂಡರು ಮಾಡಲು ಹೊರಟೆವು. ತಿಂಗಳಿಗೊಂದು ನನ್ನ ಪದ್ಯ, ತಿಂಗಳಿಗೊಂದು ಅಕ್ಕಾರ ಕಸೂತಿ. ಎರಡನ್ನೂ ಕಂಪ್ಯೂಟರಿನಲ್ಲಿ ಹೊಂದಿಸುವುದು ಹುಡುಗಿಯ ಪಾಲು. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡದಿದ್ದರೆ ಅವರು ಮದುವೆ ಕಾರ್ಡುಗಳ ಕೆಲಸ ಹಿಡಿಯುವವರಿದ್ದರು. ಸಂಕ್ರಾಂತಿಯಾದ ಮೇಲೆ ಕ್ಯಾಲೆಂಡರು ಯಾರಿಗೆ ಬೇಕು?

ಅಕ್ಕಾರು ಕರಡಿನ ಮೊದಲ ಹಾಳೆ ಕೈಗೆತ್ತಿಕೊಂಡರು. ಜನವರಿಯ ಆನೆ. ರೂಢಿಯಂತೆ ಹಾಳೆ ತಿರುವಿ ಹಿಂದುಗಡೆ ನೋಡಿದರು.

"ಹಿಂದ ಏನೂ ಇಲ್ಲಲ್ರಿ ವೈನಿ!"

"ಅದು ಕಾಗದ ಅಕ್ಕಾರ, ಬಟ್ಟಿ ಅಲ್ಲ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ನಗು ನಿಂತಿತು.

"ಇದು ಯಾರ ಆನಿ?"

"ನಿಮ್ಮದ ಅಲ್ಲೇನ್ರಿ!"

"ನಂದಲ್ಲ." ಒಂದೊಂದೇ ಹಾಳೆ ತಿರುವಿದರು. "ಈ ನವಿಲೂ ನಂದಲ್ಲ. ಈ ಗೋಪುರನೂ ನಂದಲ್ಲ. ನನ್ನ ಹನ್ನೆರಡೂ ಬಟ್ಟಿ ವಾಪಸ್ ಕೊಡ್ರಿ. ನಿಮ್ಮ ಪದ್ಯ ಅಷ್ಟ ಛಾಪಸ್ಕೊಳ್ರಿ."

ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವರು ಚಹದ ಲೋಟವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು. ಅಕ್ಕಾರು ಚಹ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಮೆಟ್ಟಿಲ ಬುಡದಲ್ಲಿ ನಿಂತು ಹುಡುಗಿಯನ್ನು ಕರೆದೆ. ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದುಬಂದಳು.

"ಚೆಂದ ಬಂದಿದೆ ಅಲ್ವಾ ಆಂಟಿ? ರಜೆ ಹಾಕಿ ಎರಡು ದಿನ ಕೂತು ಕ್ಲೀನ್ ಮಾಡಿದ್ದು."

"ಏನ್ ಕ್ಲೀನ್ ಮಾಡಿದಿ ತಂಗಿ?" ಎಂದರು ಅಕ್ಕಾರು.

"ಎಲ್ಲದ್ರಲ್ಲೂ ಬಲಬದಿಗೆ ಕೆಳಗೆ ಒಂದು ಹಳದಿ ಚುಕ್ಕೆ ಇತ್ತು. ಸ್ಕ್ಯಾನರಿನ ಗಾಜಿನ ಧೂಳು ಅಂತ ಎಣಿಸಿದೆ. ಹನ್ನೆರಡರಲ್ಲೂ ಒರೆಸಿ ತೆಗೆದೆ."

"ಅದು ಧೂಳಲ್ಲವ್ವಾ" ಎಂದರು ಅಕ್ಕಾರು. "ಅದು ನಾನು."

ಮದುವೆಯಾಗಿ ಬಂದ ಹೊಸದರಲ್ಲಿ ಅವರು ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದಕ್ಕೆ ಸೆರಗಿನ ಕಸೂತಿ ಹಾಕಿಕೊಡುತ್ತಿದ್ದರಂತೆ. ಸೆರಗಿನ ಮೇಲೆ ಹೆಸರು ಹಾಕುವಂತಿಲ್ಲ. ಅದಕ್ಕೇ ಮೂಲೆಯಲ್ಲೊಂದು ಹಳದಿ ಹೊಲಿಗೆ. "ಯಾರದೋ ಮದುವಿಯೊಳಗ, ಯಾರದೋ ಮೈಮ್ಯಾಲ ಅದು ಕಂಡ್ರ ಸಾಕು, ಅವತ್ತಿನ ಊಟ ಭಾಳ ರುಚಿ ಹತ್ತತಿತ್ತು ನನಗ."

ನಾನು ನೆಲ ನೋಡಿದೆ. ಮುಖಪುಟಕ್ಕೆ ಹೆಸರು ಹಾಕಲೇ ಎಂದು ಅವರನ್ನು ಒಮ್ಮೆ ಕೇಳಿದ್ದೆ. "ಹೆಸರು ಗಿಸರು ಬ್ಯಾಡ್ರಿ" ಅಂದಿದ್ದರು. ದೊಡ್ಡ ಮನಸ್ಸು ಎಂದುಕೊಂಡು ನನ್ನ ಹೆಸರೊಂದನ್ನೇ ಹಾಕಿಸಿದ್ದೆ. ಯಾಕೆ ಬೇಡ ಎಂದು ಇನ್ನೊಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಅದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು. ಅಕ್ಕಾರ ಮನೆಯಲ್ಲಿ ಚುರುಮುರಿ ಚೂಡಾ ತಿನ್ನುತ್ತಾ "ಇದ್ದದ್ದು ಇದ್ದಂಗ ಛಾಪಸ್ತೀನ್ರಿ" ಎಂದಿದ್ದೆ. ಮೆಟ್ಟಿಲ ಮೇಲೆ ಹುಡುಗಿ ಸಿಕ್ಕಾಗ "ನಿನಗ ಹೆಂಗ ಚಂದ ಅನಸ್ತೈತಿ ಹಂಗ ಮಾಡವ್ವಾ" ಎಂದಿದ್ದೆ. ಎರಡೂ ಪ್ರೀತಿಯ ಮಾತೇ. ಮೂರು ತಿಂಗಳಲ್ಲಿ ನಾವು ಮೂವರು ಒಂದೇ ಕೋಣೆಯಲ್ಲಿ ಕೂತಿರಲಿಲ್ಲ. ಇವರ ಮಾತು ಅವರಿಗೆ, ಅವರದು ಇವರಿಗೆ ನಾನೇ ಮುಟ್ಟಿಸುತ್ತಿದ್ದೆ. ನಡುವೆ ಇರುವ ಆ ಗತ್ತು ನನಗೆ ಹಿಡಿಸಿಯೂ ಇತ್ತು.

ಹುಡುಗಿಯ ಕಣ್ಣು ತುಂಬಿತು. "ಮೂಲ ಹಾಗೇ ಉಂಟು ಮಾರಾಯ್ರೆ, ಬೇರೆ ಸೀಡಿಯಲ್ಲಿ. ಮೂಲ ಅಳಿಸಬಾರ್ದು ಅಂತ ಆಫೀಸಲ್ಲಿ ಮೊದಲ ದಿನವೇ ಹೇಳಿಕೊಡ್ತಾರೆ. ಸಂಜೆಯೊಳಗೆ ಹನ್ನೆರಡನ್ನೂ ಹೊಸದಾಗಿ ಕೂರಿಸ್ತೇನೆ. ನೀವು ಹೂಂ ಅನ್ನಬೇಕಷ್ಟೆ."

"ಈಗ ಕೂಡಸ್ತಿ. ನಾಳೆ ಮತ್ತೊಂದು ಒರಸ್ತಿ" ಎಂದರು ಅಕ್ಕಾರು.

"ಹಾಗಾದ್ರೆ ಬರೆದಿಡುವ."

"ನಮ್ಮ ನಮ್ಮೊಳಗ ಕಾಗದ ಯಾಕ? ಕೋರ್ಟಿಗೇನ ಹೊಂಟೇವಿ?"

ಪೇಪರಿನ ಹಿಂದಿನಿಂದ ನಮ್ಮ ಯಜಮಾನರ ದನಿ ಬಂತು: "ಬರದಿಡ್ರಿ ಅಕ್ಕಾರ. ಮುಂದ ಯಾವ ಸಾಲಿಗೆ ಜಗಳಾಡಬೇಕು ಅಂತನಾದ್ರೂ ಗೊತ್ತಿರ್ತೈತಿ."

ಅಕ್ಕಾರ ತುಟಿ ಸ್ವಲ್ಪ ಸಡಿಲವಾಯಿತು. ನನ್ನ ಕಿರಾಣಿ ಚೀಟಿಯ ಪುಸ್ತಕದಿಂದ ಒಂದು ಹಾಳೆ ಹರಿದೆ. ದಾರದ ವಿಷಯದಲ್ಲಿ ಕೊನೆಯ ಮಾತು ಅಕ್ಕಾರದು, ಪದದ ವಿಷಯದಲ್ಲಿ ನನ್ನದು, ಯಾವುದು ಎಲ್ಲಿ ಕೂರಬೇಕು ಎಂಬುದು ಹುಡುಗಿಯದು. ಒಬ್ಬರದನ್ನು ಇನ್ನೊಬ್ಬರು ಬದಲಿಸುವ ಮುಂಚೆ ಎದುರಿಗೆ ಕೂತು ಕೇಳಬೇಕು ಎಂದು ಬರೆದೆ. ಸಹಿ ಹಾಕುವ ಹೊತ್ತಿಗೆ ಹುಡುಗಿ ಪೆನ್ನು ಹಿಡಿದು ನಿಂತುಬಿಟ್ಟಳು.

"ಒಂದು ವಿಷಯ ಹೇಳ್ಲಿಕ್ಕುಂಟು. ಆಫೀಸಿನ ಗೆಳತಿಯೊಬ್ಬಳು ಗ್ರೀಟಿಂಗ್ ಕಾರ್ಡಿಗೆ ಈ ಆನೆ ಕೇಳಿದ್ಲು. ನಾನು ಆಯ್ತು ಅಂದಿದ್ದೇನೆ."

"ನಾ ಕೊಟ್ಟಿದ್ದು ಕ್ಯಾಲೆಂಡರಿಗೆ" ಎಂದರು ಅಕ್ಕಾರು. "ಕಾರ್ಡಿಗೆ ಬೇಕಂದ್ರ ಆಕೀನ ಬಂದು ಕೇಳ್ಲಿ. ವೈನಿ, ಅದನ್ನೂ ಬರೀರಿ." ಅದನ್ನೂ ಬರೆದೆ. ಅಕ್ಕಾರು ಲೋಟ ಮುಂದಕ್ಕೆ ಚಾಚಿ, "ಚಹಾ ಆರೇತಿ, ಬಿಸಿ ಮಾಡ್ರಿ" ಎಂದರು.

ಮಹಡಿಯ ಕೋಣೆಯಲ್ಲಿ ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಹುಡುಗಿ ಈಗ ಎಷ್ಟು ಹೆದರಿದ್ದಳೆಂದರೆ ಮೇ ತಿಂಗಳ ಬಟ್ಟೆಯಲ್ಲೊಂದು ಕಂದು ಗುರುತು ಕಂಡಾಗ ಕೈ ಎತ್ತಿಯೇಬಿಟ್ಟಳು. "ಆಂಟಿ, ಇದೂ ನೀವೆಯಾ?"

"ಅದು ಸಾರು. ತೆಗಿಯವ್ವಾ ಅದನ್ನ!"

ನಕ್ಕು ನಕ್ಕು ನನ್ನ ಪಕ್ಕೆ ಹಿಡಿಯಿತು. ಜುಲೈಗೆ ಬಂದಾಗ ನಗುವ ಸರದಿ ಅವರದಾಯಿತು. ನವಿಲು ದೊಡ್ಡದು, ಪದ್ಯ ಉದ್ದದ್ದು, ಎರಡು ಸಾಲು ಹೋಗಬೇಕು ಎಂದಳು ಹುಡುಗಿ. ನನಗೆ ಬಹಳ ಇಷ್ಟದ ಎರಡು ಸಾಲು. ಕೊನೆಯ ಮಾತು ನನ್ನದೇ ಎಂದು ಹಾಳೆಯಲ್ಲಿದೆ ನಿಜ, ಆದರೆ ನವಿಲಿನ ಗರಿ ಕತ್ತರಿಸಿ ಎನ್ನುವ ಬಾಯಿ ನನಗಿರಲಿಲ್ಲ. ಎರಡು ಸಾರಿ ಓದಿಕೊಂಡು ಆಮೇಲೆ ನಾನೇ ಹೊಡೆದುಹಾಕಿದೆ.

"ಹೊಟ್ಯಾಗ ಚುರ್ ಅಂತೇನ್ರಿ?" ಎಂದರು ಅಕ್ಕಾರು.

"ಅಂತ್ರಿ."

"ಅನ್ಲಿ ಬಿಡ್ರಿ" ಎಂದು ಬೆನ್ನು ತಟ್ಟಿದರು.

ಏಳು ಗಂಟೆಗೆ ಡಿಸೆಂಬರ್ ಮುಗಿಯಿತು. ಅಕ್ಕಾರು ಪರದೆಯ ಹತ್ತಿರ ಬಾಗಿ ಹನ್ನೆರಡು ಪುಟದ ಹನ್ನೆರಡು ಮೂಲೆಗಳನ್ನು ಬೆರಳಿಟ್ಟು ನೋಡಿದರು. ಮುಖಪುಟದಲ್ಲಿ ಹೆಸರು ಮಾತ್ರ ಆಗಲೂ ಬೇಡವೆಂದರು. ಹಾಗಾದರೆ ನನ್ನದೂ ಬೇಡ ಎಂದು ತೆಗೆಸಿದೆ. ಪ್ರೆಸ್ಸಿನವರೂ ಧೂಳೆಂದು ಒರೆಸಿಬಿಟ್ಟಾರೆಂದು ಸೀಡಿಯ ಕವರಿನ ಮೇಲೆ ಹಳದಿ ಚುಕ್ಕೆ ಮುಟ್ಟಬೇಡಿ ಎಂದು ತೆಲುಗಿನಲ್ಲಿ ದಪ್ಪಗೆ ಬರೆದೆ.

"ಇನ್ನ ಕಳಸ್ರಿ" ಎಂದರು ಅಕ್ಕಾರು.

ರಾತ್ರಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಅಕ್ಕಾರು ನಮ್ಮಲ್ಲೇ ಉಂಡು, ಎರಡು ರೊಟ್ಟಿ ಅವರ ಯಜಮಾನರಿಗೆ ಕಟ್ಟಿಸಿಕೊಂಡು ಹೋದರು. ನಾನು ಮೊಸರನ್ನ ಕಲಸಿ ತರುವಷ್ಟರಲ್ಲಿ ಹುಡುಗಿ ನಮ್ಮ ದಿವಾನದ ಮೇಲೆ, ಎಲ್ಲರಿಗಿಂತ ಮೊದಲು, ನಿದ್ದೆ ಹೋಗಿದ್ದಳು.